ಸಣ್ಣದುರ್ಗಿ ನೀರುಣಿಸಿದ ತಾರಸಿ

ಈ ಕಥೆ ಬರೆಯಲು ಕೂತು ಡಂಗುರದವನನ್ನು ಊರಬಾಗಿಲಿಗೆ ತಂದು ನಿಲ್ಲಿಸುತ್ತಿರುವುದು ಇದು ಮೂರನೇ ಸಲ. ಮೊದಲ ಸಲ ಮಗಳಿಗೆ ನೀರು ಬೇಕಾಯಿತು, ಎರಡನೇ ಸಲ ಚಪ್ಪಲಿ ಕಾಣಲಿಲ್ಲ. ಈಗ ಪಕ್ಕದಲ್ಲೇ ಕೂತಿದ್ದಾಳೆ. ಅವಳ ಬಾಯಿ ಮುಚ್ಚಿರುವಷ್ಟರಲ್ಲಿ ಬರೆದು ಮುಗಿಸಬೇಕು.

ಹೊನ್ನಗಡದ ಅರಸರು ಸಾರಿಸಿದ್ದು ಇಷ್ಟು: ಹೊಸ ಸಭಾಭವನದ ಬಗ್ಗೆ ಮೂರು ಒಗಟುಗಳಿವೆ. ಬಿಡಿಸಿದವರಿಗೆ ಮುಖ್ಯ ಮೇಸ್ತ್ರಿಯ ರುಮಾಲು. ಸೋತವರು, ತಾರಸಿಯ ಕೆಳಗಿನ ಆಸರೆ ಕೀಳುವಾಗ ಅಲ್ಲೇ ನಿಲ್ಲಬೇಕು.

ಒಂದು ಮಹಾಯುದ್ಧ ಮುಗಿದು ಇನ್ನೊಂದು ಶುರುವಾಗದ ಕಾಲ ಅದು. ದೇಶದೇಶಗಳಲ್ಲಿ ಕಮಾನು, ಹೂಬಳ್ಳಿಗಳನ್ನು ಬಿಟ್ಟು, ಸಪಾಟು ಮಾಳಿಗೆಯ, ಹಡಗಿನಂತೆ ದುಂಡು ಮೂಲೆಯ ಕಟ್ಟಡಗಳು ಏಳುತ್ತಿದ್ದವು. ಅರಸರೂ ಅಂಥದೊಂದನ್ನು ಕಟ್ಟಿಸಿದ್ದರು. ನಡುವೆ ಒಂದೂ ಕಂಬವಿಲ್ಲ. ಆಸರೆ ಕಿತ್ತರೆ ಕುಸಿಯುವುದು ಖಂಡಿತ ಎಂದು ಇಡೀ ಊರು ನಂಬಿತ್ತು.

ಅರಸರು ಮೊದಲ ಒಗಟು ಕೇಳಿದರು. ಬರುವಾಗ ಗಂಜಿ, ಕೂತ ಮೇಲೆ ಬಂಡೆ. ಒಳಗೆ ಕಾಣದ ಎಲುಬು. ಬಾಯಾರಿಕೆ ತೀರಿಸಿದಷ್ಟೂ ಗಟ್ಟಿ. ಆಸ್ಥಾನ ಪಂಡಿತ ನರಹರಿ ದೀಕ್ಷಿತರು ಗಾರೆ ಎಂದರು. ಗಾರೆಗೆ ಎಲುಬೆಲ್ಲಿ ಎಂದು ಕೇಳಿದಾಗ ಪಂಚೆ ಸರಿಮಾಡಿಕೊಂಡು ಹಿಂದೆ ಸರಿದರು. ಕಂಟ್ರಾಕ್ಟರ್ ರುದ್ರಯ್ಯ, ಕಾಂಕ್ರೀಟು, ಎಲುಬು ಅಂದರೆ ಕಬ್ಬಿಣದ ಸರಳು ಎಂದು ಮೀಸೆ ತಿರುವಿದ.

ಎರಡನೆಯದು. ಹಿಂದೆ ಮನೆಯ ಭಾರವೆಲ್ಲ ನನ್ನದೇ, ದೊಡ್ಡ ತೂತು ಕೊರೆದರೆ ಮನೆ ಬೀಳುತ್ತಿತ್ತು. ಈಗ ಈ ಮೂಲೆಯಿಂದ ಆ ಮೂಲೆಗೆ ಸೀಳಿದರೂ ಏನೂ ಆಗದು. ರುದ್ರಯ್ಯ ತೊಲೆ ಎಂದ. ಅಲ್ಲ ಎಂದರು ಅರಸರು. ಮೀಸೆ ಇಳಿಯಿತು.

ಆಗ ಬಿಂದಿಗೆ ಕೆಳಗಿಟ್ಟು ಸಣ್ಣದುರ್ಗಿ ಮುಂದೆ ಬಂದಳು. ತಾರಸಿಗೆ ನೀರು ಹೊತ್ತ ಕೂಲಿಯವಳು. ನೀರು ಹೊರುವವಳಿಗೂ ರುಮಾಲು ಬೇಕಂತೆ ಎಂದು ರುದ್ರಯ್ಯ ನಕ್ಕ.

"ಮೊದಲನೆಯದನ್ನ ಕಂಟ್ರಾಕ್ಟರು ಅರ್ಧ ಹೇಳಿದ್ರು ಬುದ್ಧಿ," ಅಂದಳು. "ಬಾಯಾರಿಕೆ ಅವರಿಗೇನು ಗೊತ್ತು? ಇಪ್ಪತ್ತೊಂದು ದಿನ ಕಾಂಕ್ರೀಟಿಗೆ ನೀರು ಕುಡಿಸಿದ್ದು ನಾನು."

ಎರಡನೆಯದು ಗೋಡೆ. ಭಾರವನ್ನೆಲ್ಲ ಈಗ ಅಂಚಿನ ಕಂಬಗಳು ಹೊರುತ್ತವೆ, ಅದಕ್ಕೇ ಗೋಡೆಯುದ್ದಕ್ಕೂ ಕಿಟಕಿ ಇಡಬಹುದು ಎಂದು ಬೊಟ್ಟು ಮಾಡಿ ತೋರಿಸಿದಳು.

ಅರಸರು ಮೂರನೆಯದನ್ನು ನಿಧಾನವಾಗಿ ಕೇಳಿದರು. "ತಾರಸಿಗಿಂತ ಮೊದಲು ಬರುತ್ತದೆ. ತಾರಸಿ ಎಳೆಯದಾಗಿರುವಾಗ ಅದನ್ನು ಹೊರುತ್ತದೆ. ತಾರಸಿ ತಾನಾಗಿ ನಿಂತ ದಿನ ಹೊರಗೆ ಹೋಗುತ್ತದೆ. ಯಾವುದು?"

"ಕೆಳಗಿರೋ ಹಲಗೆ, ಮರದ ಕಂಬ. ಸೆಂಟ್ರಿಂಗು, ಬುದ್ಧಿ."

ಗೆದ್ದವಳು ಹೊರಗೆ ನಿಲ್ಲಬಹುದಿತ್ತು. ಆದರೆ ಸೋತ ದೀಕ್ಷಿತರು ಹೊಸ್ತಿಲು ದಾಟದಿರುವುದನ್ನು ಕಂಡು ತಾನೇ ಒಳಗೆ ಹೋಗಿ ನಟ್ಟನಡುವೆ ನಿಂತಳು. "ಬನ್ನಿ ಅಯ್ನೋರೆ. ನಾನು ನೀರುಣಿಸಿದ್ದು ನನ್ನ ತಲೆ ಮೇಲೆ ಬೀಳಲ್ಲ."

ಮರದ ಕಂಬಗಳು ಒಂದೊಂದಾಗಿ ಹೊರಬಂದವು. ಕೊನೆಯದನ್ನು ಎಳೆದಾಗ, ದೀಕ್ಷಿತರ ಪಕ್ಕದಲ್ಲಿ ನಿಂತಿದ್ದ ರುದ್ರಯ್ಯ ಕಣ್ಣು ಮುಚ್ಚಿದ. ಅವನ ಮೀಸೆ ಮೇಲೆ ಚಿಟಿಕೆ ಧೂಳು ಬಿತ್ತು, ಅಷ್ಟೇ. ತಾರಸಿ ನಿಂತಿತು.

ಅರಸರು ಅವಳ ತಲೆಗೆ ರುಮಾಲು ಸುತ್ತಿಸಿದರು. ಆ ಸೀಮೆಯ ಮೊದಲ ಹೆಣ್ಣು ಮೇಸ್ತ್ರಿ. ಮಾರನೇ ದಿನದಿಂದ ರುದ್ರಯ್ಯ ಅವಳನ್ನು ದುರ್ಗಮ್ಮನವರೇ ಎಂದು ಕರೆಯತೊಡಗಿದ.

ಇಲ್ಲಿಗೆ ಮುಗಿಯಿತು ಎಂದು ಪೆನ್ನು ಮುಚ್ಚಿದರೆ ಮಗಳು ಸೆರಗು ಜಗ್ಗಿದಳು.

"ಅಮ್ಮಾ, ಅಷ್ಟು ದಿನ ಹೊತ್ತ ಆ ಮರದ ಕಂಬಗಳಿಗೆ ಅರಸರು ಏನು ಕೊಟ್ಟರು?"