ಡಾಕ್ಟರು ಬರೆದುಕೊಟ್ಟ ವಾಕಿಂಗು

ತುಮಕೂರಿನ ಡಾಕ್ಟರ್ ಪದ್ಮನಾಭಯ್ಯನವರು ಊರಿಗೆಲ್ಲ ವಾಕಿಂಗ್ ಬರೆದುಕೊಡುವವರು. ತಾವು ಮಾತ್ರ ಪಕ್ಕದ ಬೀದಿಯ ಕ್ಲಿನಿಕ್ಕಿಗೂ ದಿನಾ ಚಿಕ್ಕರಂಗನ ಆಟೋ ಹತ್ತುವವರು.

ಚಿಕ್ಕರಂಗನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಗದರಿದರು.

"ಬೆಳಗ್ಗೆ ಎಂಟಕ್ಕೆ ಸರಿಯಾಗಿ ನಡೀಬೇಕು. ನೆಪ ಹೇಳೋದಾದ್ರೆ ನನ್ನ ಕ್ಲಿನಿಕ್ ಮೆಟ್ಟಿಲು ಹತ್ತಬೇಡ!"

"ಎಂಟಕ್ಕೆ ನಿಮ್ಮನ್ನ ಕರ್ಕೊಂಡು ಬರಬೇಕಲ್ಲ ಸಾರ್?"

"ಅದೂ ತಪ್ಪಕೂಡದು!"

ಮಾರನೆಯ ಬೆಳಗ್ಗೆ ಡಾಕ್ಟರು ಆಟೋದಲ್ಲಿ ಠೀವಿಯಿಂದ ಕೂತರು. ಚಿಕ್ಕರಂಗ ಎಂಜಿನ್ ಶುರು ಮಾಡಲೇ ಇಲ್ಲ. ಕೆಳಗಿಳಿದ, ಹ್ಯಾಂಡಲ್ ಹಿಡಿದ, ಗಾಡಿ ತಳ್ಳುತ್ತ ನಡೆದ.

"ಕೆಟ್ಟೋಯ್ತೇನೋ?"

"ಇಲ್ಲ ಸಾರ್. ವಾಕಿಂಗು."

ಟೀ ಅಂಗಡಿಯ ಮುಂದಿದ್ದವರಿಗೆ ಇದು ಕೇಳಿಸಿತು. ಅವರೂ ಡಾಕ್ಟರ ರೋಗಿಗಳೇ. "ನಮಗೂ ಅದನ್ನೇ ಹೇಳವ್ರೆ!" ಎನ್ನುತ್ತ ಹಿಂದಿನಿಂದ ಕೈಹಚ್ಚಿದರು. ಡಾಕ್ಟರು ಮೆರವಣಿಗೆಯ ಮದುಮಗನಂತೆ ಬೆವರುತ್ತ ಕೂತಿದ್ದರು. ಜಗಲಿಯ ಮೇಲಿದ್ದ ಅಜ್ಜಿಯೊಬ್ಬಳು ಲೊಚಗುಟ್ಟಿದಳು.

"ಅಯ್ಯೋ ಪಾಪ, ಡಾಕ್ಟ್ರಿಗೆ ಕಾಲು ಬಿದ್ದೋಯ್ತಾ?"

ಡಾಕ್ಟರು ದಡಕ್ಕನೆ ಕೆಳಗಿಳಿದರು. ಅಷ್ಟಕ್ಕೇ ಕಾದಿದ್ದ ಚಿಕ್ಕರಂಗ ಹಾರಿ ಸೀಟಿನ ಮೇಲೆ ಕೂತು ಎಂಜಿನ್ ಶುರು ಮಾಡಿದ.

"ನನ್ನ ವಾಕಿಂಗ್ ಮುಗೀತು ಸಾರ್, ಇನ್ನು ನಿಮ್ದು. ನೆಪ ಹೇಳೋದಾದ್ರೆ ಕ್ಲಿನಿಕ್ ಮೆಟ್ಟಿಲು ಹತ್ತಬೇಡಿ!"