ಕವುಚಿ ಮಲಗಿದ ದೇವರು

ದೇವರು ಕೊಟ್ಟ ಮಗ, ಹೇಗಿದ್ದರೂ ಮಗನೇ. ಮದುವೆ ಬಾಸಿಂಗ ಮಾಡಿಕೊಟ್ಟು ಬದುಕುತ್ತಿದ್ದ ನಿಂಗಾಜಮ್ಮನಿಗೆ ದೇವರು ಕೊಟ್ಟಿದ್ದು ಗವಿಯನನ್ನು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಹೊತ್ತು ನೋಡ, ಗೊತ್ತು ನೋಡ. "ನನ್ನ ಕಣ್ಣಿರೋವರೆಗೂ ಇಬ್ಬರಿಗೂ ಅನ್ನ. ಆಮೇಲೆ ಈ ಪೆದ್ದನ ಗತಿಯೇನಪ್ಪಾ ನರಸಿಂಹಾ" ಎಂದು ಅವಳು ದಿನವೂ ಗೋಡೆಯ ಪಟಕ್ಕೆ ಕೈಮುಗಿಯುತ್ತಿದ್ದಳು.

ಒಂದು ಬೆಳಗ್ಗೆ ಮಣಿ ಪೋಣಿಸುತ್ತಿದ್ದವಳು ಸೂಜಿ ಹಿಡಿದ ಕೈಯನ್ನೇ ಗಾಳಿಯಲ್ಲಿ ಬೀಸಿದಳು. "ಇದೇನೋ, ಎಡಗಣ್ಣ ಮುಂದೆ ಇದ್ದಕ್ಕಿದ್ದಂಗೆ ಕರಿ ನುಸಿ ಹಾರ್ತಾವೆ."

ಗವಿಯ ಬೇವಿನಸೊಪ್ಪು ತಂದು ಹೊಗೆ ಹಾಕಿದ. ಅವ್ವ ಕೆಮ್ಮಿ ಕೆಮ್ಮಿ ಸುಸ್ತಾದಳು.

"ನುಸಿ ಮನೇಲಿಲ್ಲ ಕಣೋ ಮಂಕೆ, ಕಣ್ಣೊಳಗೆ ಅದೆ. ಇನ್ನೊಂದ್ಸಲ ಕಣ್ಣಿಗೇನಾದ್ರೂ ಆದ್ರೆ ಕದ ಕಿಟಕಿ ಮುಚ್ಚಿ ನನ್ನ ಸುಮ್ಮನೆ ಮಲಗಿಸು."

"ಆಗಲವ್ವ."

ಮಧ್ಯಾಹ್ನ ಅವಳು ತಲೆ ತಿರುಗಿಸಿದಾಗಲೆಲ್ಲ ಅದೇ ಕಣ್ಣಂಚಿನಲ್ಲಿ ಫಳ್ ಫಳ್ ಮಿಂಚು. "ಗವಿಯಾ, ಕಣ್ಣು" ಅಂದಳು. ಅಷ್ಟೇ ಸಾಕು. ಕಿಟಕಿ ಮುಚ್ಚಿದ, ಕದ ಮುಚ್ಚಿದ, ಬಾಸಿಂಗಕ್ಕೆಂದು ಬಂದಿದ್ದ ಮದುವೆಮನೆಯವರನ್ನು ಹೊರಗೇ ಬಿಟ್ಟು ಅಗಳಿ ಹಾಕಿದ. ಕತ್ತಲಲ್ಲಿ ಮಿಂಚು ಇನ್ನೂ ಜೋರಾಗಿ ಕಂಡಿತು.

"ಬಂದವರ ಮುಖಕ್ಕೆ ಕದ ಹಾಕ್ತಾರೇನೋ? ತಿಳೀದಿದ್ರೆ ನಾಕು ಜನರನ್ನ ಕೇಳಬೇಕು. ಅವರು ಹೇಳಿದಂಗೆ ಮಾಡಬೇಕು."

"ಆಗಲವ್ವ."

ಸುಡುಬಿಸಿಲಲ್ಲಿ ಬೀದಿಗಿಳಿದು ಕಂಡಕಂಡವರನ್ನೆಲ್ಲ "ಮಿಂಚು ಕಂಡ್ರಾ, ಮಿಂಚು ಕಂಡ್ರಾ" ಎಂದು ಕೇಳಿದ. ಜನ ನಕ್ಕರು. ಆಶಾ ಕಾರ್ಯಕರ್ತೆ ಪದ್ಮಾವತಿ ಮಾತ್ರ ನಗಲಿಲ್ಲ. "ಯಾರಿಗೆ ಕಂಡಿದ್ದು?" ಅಂದಳು. ಅವನು ನುಸಿಯಿಂದ ಹಿಡಿದು ಎಲ್ಲ ಹೇಳಿದ.

"ಕಣ್ಣಿನ ಹಿಂದಿರೋ ಪರೆ ಹರಿಯೋ ಸೂಚನೆ ಇದ್ದೀತು. ನೋವಿಲ್ಲ ಅಂತ ಕೂರಬಾರದು. ನೆರಳು ಕವಿದರಂತೂ ಕಣ್ಣೇ ಹೋದೀತು. ಈಗಲೇ ಕಣ್ಣಿನ ಡಾಕ್ಟರ ಹತ್ರ ಕರಕೊಂಡು ಹೋಗು. ಯಾರ ಮಾತಿಗೂ ನಿಲ್ಲಬೇಡ."

"ನಾಳೆ ಹೋಗೋಣ, ಬಾಸಿಂಗ ಮುಗೀಲಿ" ಅಂದಳು ಅವ್ವ. ಗವಿಯ ನಿಲ್ಲಲಿಲ್ಲ. ಸೂಜಿ ದಾರದ ಸಮೇತ ಅವಳನ್ನು ಹೊತ್ತು ಹೊರಟ. ದಾರಿಯಲ್ಲಿ ಅವಳ ಕಣ್ಣಿನ ಮೂಲೆಯಿಂದ ಕರಿ ನೆರಳೊಂದು ಏರತೊಡಗಿತು.

"ನಿಂತ್ಕೊಳಪ್ಪ, ಬಸ್ಸು ಹತ್ತು" ಅಂದ ಕಂಡಕ್ಟರ್. ಗವಿಯ ನಿಲ್ಲಲಿಲ್ಲ, ಬಸ್ಸನ್ನೇ ದಾಟಿ ನಡೆದ. ಕಂಡಕ್ಟರೇ ಓಡಿಬಂದು ಇಬ್ಬರನ್ನೂ ಒಳಕ್ಕೆ ದಬ್ಬಿದ.

"ಎಲ್ಲರೂ ಹತ್ತುವಾಗ ನೀನೂ ಹತ್ತಬೇಕು ಕಣೋ" ಎಂದು ಅವ್ವ ಗದರಿದಳು. "ಎಲ್ಲರಿಗೂ ಒಂದೇ ನ್ಯಾಯ."

"ಆಗಲವ್ವ."

"ಇನ್ನೂ ತಡಮಾಡಿದ್ದರೆ ಕಣ್ಣು ಉಳೀತಿತ್ತೋ ಇಲ್ಲವೋ" ಅಂದರು ಡಾಕ್ಟರು. ಆಪರೇಷನ್ ಮಾಡಿ, ಪಟ್ಟಿ ಬಿಚ್ಚಿ, "ಪರೆ ಅಂಟಿಕೊಳ್ಳಲಿ ಅಂತ ಕಣ್ಣೊಳಗೆ ಗಾಳಿ ತುಂಬಿದೀವಿ, ಒಂದು ವಾರ ಮುಖ ಕೆಳಗೆ ಮಾಡಿಯೇ ಮಲಗಬೇಕು, ತಲೆ ಎತ್ತಬಾರದು" ಎಂದು ಕಳಿಸಿದರು.

ಮಂಚದ ಅಂಚಿಗೆ ಮುಖ ಚಾಚಿ ಕವುಚಿ ಮಲಗಿದ ಅವ್ವನಿಗೆ ನೆಲ ಬಿಟ್ಟು ಬೇರೇನೂ ಕಾಣದು. "ಸ್ವಾಮಿ ಮುಖ ನೋಡದೆ ಗಂಜಿ ಹೆಂಗೆ ಕುಡೀಲೋ? ಪಟ ಇಳಿಸಿ ಕೆಳಗಿಡು."

ಗವಿಯ ಇಳಿಸಿ ಇಟ್ಟ. ಅವ್ವ ನೋಡಿದಳು. ಕಂದು ರಟ್ಟು, ತುಕ್ಕು ಹಿಡಿದ ಮೊಳೆ.

"ಮುಖ ಎಲ್ಲೋ?"

"ಕೆಳಗವ್ವ. ಎಲ್ಲರಿಗೂ ಒಂದೇ ನ್ಯಾಯ ಅಂದ್ಯಲ್ಲ. ಸ್ವಾಮೀನೂ ವಾರ ತಲೆ ಎತ್ತಂಗಿಲ್ಲ."

ಬೈಯಲು ಬಾಯಿ ತೆರೆದವಳು, ಏನೋ ಹೊಳೆದು, ಬಲಗಣ್ಣನ್ನು ಕೈಯಿಂದ ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಮಸುಕಾಗಿ ಆ ಮೊಳೆ ಕಂಡಿತು.

"ಹೋಗಲಿ ಬಿಡು ನರಸಿಂಹಾ" ಅಂದಳು. "ನಿನ್ನ ಬೆನ್ನಾದರೂ ಕಂಡಿತಲ್ಲ."