ಚಾಪೆಗುಡ್ಡ

ಚಾಪೆಗುಡ್ಡದ ಚರ್ಚಿಗೆ ಹೋದವರಿಗೆ ಬಾಗಿಲ ಎಡಗಡೆ ಒಂದು ತೈಲಚಿತ್ರ ಕಾಣುತ್ತದೆ. ಅದೇ ಚರ್ಚಿನ ಒಳಾಂಗಣ, ಮುಸ್ಸಂಜೆಯ ಮಬ್ಬು, ಪೀಠದ ಬಳಿ ಒಂದೇ ದೀಪ. ಮೊದಲ ನೋಟಕ್ಕೆ ಬರೀ ಕತ್ತಲೆ. ಸ್ವಲ್ಪ ಹೊತ್ತಿಗೆ ಮೂರನೆಯ ಕಂಬದ ಪಕ್ಕ ಹಾಸಿದ ಚಾಪೆ ಕಣ್ಣಿಗೆ ಬೀಳುತ್ತದೆ. ಇನ್ನೂ ನೋಡಿ, ಅವಸರ ಬೇಡ, ಎನ್ನುತ್ತಾರೆ ಊರಿನ ಹಿರಿಯರು.

ಆ ಚಿತ್ರ ಬರೆದ ಕಾಲದಲ್ಲಿ ಇಲ್ಲಿ ಬೆಂಚುಗಳಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಚಾಪೆಯನ್ನು ತಮ್ಮ ಜಾಗದಲ್ಲೇ ಹಾಸಿಕೊಳ್ಳಬೇಕಿತ್ತು. ಸತ್ತವರ ಚಾಪೆ ಅವರೊಂದಿಗೇ ಮಣ್ಣಿಗೆ ಹೋಗಬೇಕಿತ್ತು. ಚಾಪೆ ಹೆಣೆದು ಬದುಕುತ್ತಿದ್ದ ಮದಲೇನಮ್ಮ ಒಂದು ದಿನ ಜೊಂಡು ಕೊಯ್ದು ತಾ ಎಂದು ಮಗಳು ಲೂರ್ದಿಯನ್ನು ಕೆರೆಗೆ ಕಳಿಸಿದಳು. ದಡದಲ್ಲಿ ಕುಡುಗೋಲು ಸಿಕ್ಕಿತು, ಹುಡುಗಿ ಸಿಗಲಿಲ್ಲ. ಮಗಳು ಸತ್ತಳೆಂದು ಒಪ್ಪಲು ತಾಯಿಗೆ ಆಗಲಿಲ್ಲ. ಕಳಿಸಿದವಳು ತಾನೇ ಅಲ್ಲವೇ! ದಿನವೂ ಲೂರ್ದಿಯ ಚಾಪೆಯನ್ನು ಹಾಸಿ, ಪ್ರಾರ್ಥನೆ ಮುಗಿದ ಮೇಲೂ ಸುತ್ತದೆ ಬಿಟ್ಟು ಬರುತ್ತಿದ್ದಳು. ಸತ್ತವಳ ಚಾಪೆ ಹಾಸಿಯೇ ಇದೆಯಲ್ಲ ಎಂದು ಊರವರಿಗೆ ಒಳಗೊಳಗೇ ಅಳುಕು. ಪ್ರಾರ್ಥನೆ ಹೇಳಿಸುವ ಉಪದೇಶಿ ಚೌರಪ್ಪ ಕೊನೆಗೆ ಬಾಯಿಬಿಟ್ಟ:

“ಮೃತರ ಹಬ್ಬದೊತ್ಗೆ ಆ ಚಾಪೆ ಎತ್ಬುಡವ್ವ. ಮಣ್ಗಾಕನ.”

“ನನ್ ಮಗ್ಳು ಬತ್ತಾಳೆ ಕಣಣ್ಣ. ಬಂದ್ರೆ ಎಲ್ ಕೂತ್ಕಂಡಾಳು?”

ಅದೇ ತಿಂಗಳು ಚರ್ಚಿಗೆ ಪಾದ್ರಿಯಾಗಿ ಫ್ರಾನ್ಸ್ ದೇಶದ ಹೊಸ ಸ್ವಾಮಿಗಳೊಬ್ಬರು ಬಂದಿದ್ದರು. ಚಿತ್ರ ಬರೆಯುವ ಹುಚ್ಚು ಅವರಿಗೆ. ಕಣ್ಣಿಗೆ ಕಾಣದ್ದನ್ನು ಒಂದು ಗೆರೆಯಷ್ಟೂ ಬರೆಯದ ಹಟಮಾರಿ. ಜನ ಮನೆಗೆ ಹೋದ ಮೇಲೆ ಸಂಜೆ ಸಂಜೆ ಬಾಗಿಲ ಬಳಿ ಕೂತು ಬರೆದರು. ಹಬ್ಬದ ಹಿಂದಿನ ದಿನ ಚಿತ್ರವನ್ನು ಊರವರ ಮುಂದಿಟ್ಟಾಗ ಚೌರಪ್ಪ ಶಿಲುಬೆ ಗುರುತು ಹಾಕಿಕೊಂಡ. ಚಾಪೆಯ ಮೇಲೆ ಒಬ್ಬ ಹುಡುಗಿ, ಬೆನ್ನು ತಿರುಗಿಸಿ ಕುಳಿತಿದ್ದಳು.

“ದಿನವೂ ಬಂದು ಕೂರುವ ಮಗು,” ಎಂದರು ಸ್ವಾಮಿಗಳು, ಏನೂ ಅರಿಯದೆ. “ಒಮ್ಮೆಯೂ ತಿರುಗಿ ನೋಡಲಿಲ್ಲ.”

ಮದಲೇನಮ್ಮನ ಮನಸ್ಸು ಮೊದಲು ಸಂತೋಷದಿಂದಲೇ ಕುಣಿಯಿತು. ಬಂದಿದ್ದಾಳೆ! ಓಡಿಹೋಗಿ ಹತ್ತಿರದಿಂದ ನೋಡಿದಳು. ಹುಡುಗಿಯ ಜಡೆಯಿಂದ ನೀರು ತೊಟ್ಟಿಕ್ಕಿ ಚಾಪೆ ಕಪ್ಪಾಗಿತ್ತು.

“ಸ್ವಾಮಿ, ಅವತ್ತು ಮಳೆ ಬಂದಿತ್ತಾ?”

“ಇಲ್ಲಮ್ಮ. ದಿನವೂ ಒದ್ದೆಯಾಗಿಯೇ ಬರುತ್ತಿದ್ದಳು.”

ಮದಲೇನಮ್ಮ ಮೂರನೆಯ ಕಂಬದ ಬಳಿಗೆ ಹೋದಳು. ಚಾಪೆಯನ್ನು ತಾನೇ ಸುತ್ತಿ, ಮಲಗಿದ ಮಗುವಿನಂತೆ ಎತ್ತಿಕೊಂಡು, ಗುಡ್ಡದ ತುದಿಗೆ ಹತ್ತಿ ಹೂತಳು. ಅಂದೇ ಅವಳು ಮೊದಲ ಸಲ ಅತ್ತಿದ್ದು ಎನ್ನುತ್ತಾರೆ.

ಆ ಜಾಗದಲ್ಲಿ ಈಗಲೂ ಒಂದು ಗಿಡ್ಡ ಶಿಲುಬೆಯಿದೆ. ಸುತ್ತ ಬರೀ ಬಂಡೆ, ಒಣಹುಲ್ಲು. ಕೆಳಗಿನ ಕೆರೆಯೂ ಎಂದೋ ಬತ್ತಿ ಹೊಲವಾಗಿದೆ. ಶಿಲುಬೆಯ ಬುಡದಲ್ಲಿ ಮಾತ್ರ ಮಣ್ಣು ಒದ್ದೆ, ಎದೆಯೆತ್ತರಕ್ಕೆ ಹಸಿರು ಜೊಂಡು. ಅದನ್ನು ಕೊಯ್ದು ತಾ ಎಂದು ಈ ಊರಿನಲ್ಲಿ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ.